ಇದ್ದಿಲ ಮೇಲಿನ ಕಲ್ಲು

ಬಹಳ ಹಿಂದೆ, ಕಲ್ಲುಗಳಿಗೂ ಕಿವಿಯಿದ್ದ ಕಾಲದಲ್ಲಿ, ಮರಡೀಪುರವೆಂಬ ರಾಜ್ಯವಿತ್ತು. ಅದರ ಅಂಚಿನ ಹಳ್ಳಿಗೂ ದಂಡಕೇತು ಎಂಬ ಮಾಂತ್ರಿಕನ ಕೋಟೆಗೂ ನಡುವೆ, ಸೂರ್ಯಚಂದ್ರರನ್ನು ಕೆತ್ತಿದ ಗಡಿಕಲ್ಲೊಂದಿತ್ತು. ದಂಡಕೇತು ಮಂತ್ರ ಹಾಕಿ ಅದನ್ನು ದಿನವೂ ಹಳ್ಳಿಯ ಕಡೆಗೆ ನಡೆಸುತ್ತಿದ್ದ. ಹೊತ್ತು ಮುಳುಗುವಾಗ ಪರರ ಗಡಿಯೊಳಗೆ ಸಿಕ್ಕಿದವರು ಮೂಕರಾಗಿ ಆ ನೆಲದವರ ಆಳಾಗಬೇಕು, ಇದು ಅವನ ಇನ್ನೊಂದು ಮಂತ್ರ.

ಆ ಹಳ್ಳಿಯ ಹುಡುಗಿ ಮಾಳವ್ವ ನೀರಿಗೆ ಹೋಗಿದ್ದ ಒಂದು ಸಂಜೆ ಕಲ್ಲು ಅವಳ ಮನೆ ದಾಟಿ ಬಂದು ನಿಂತಿತು. ಅವಳ ತಾಯಿ ತನ್ನ ಮನೆಯಲ್ಲೇ ಮೂಕಳಾಗಿ ಮಾಂತ್ರಿಕನ ಜೋಳ ಬೀಸತೊಡಗಿದಳು.

ಮಾಳವ್ವ ರಾಜನ ಬಳಿಗೆ ಓಡಿದಳು.

"ಕಲ್ಲು ನಿಂತಲ್ಲೇ ಗಡಿಯಮ್ಮ, ನಾನೇನು ಮಾಡಲಿ?" ಎಂದು ರಾಜ ಕೈಚೆಲ್ಲಿದ. ಎಂಥ ರಾಜನೋ!

ಗಡಿಕಲ್ಲು ನೆಡುವಾಗ ಗುಂಡಿಗೆ ಇದ್ದಿಲು ಹುಯ್ಯುವುದು ಆ ಊರ ಪದ್ಧತಿ. ಆ ಇದ್ದಿಲು ಬಿಸಿಲು ಕಂಡರೆ ಕಲ್ಲು ತಿರುಗಿ ಬರಲೇಬೇಕು, ಅದು ನೆಟ್ಟ ದಿನದ ಆಣೆ. ಊರಿಗೆಲ್ಲ ಇದು ಗೊತ್ತಿತ್ತು. ಅಗೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮಾಳವ್ವ ಗುದ್ದಲಿ ಹೆಗಲಿಗೇರಿಸಿ, ಕಲ್ಲು ಮೊದಲಿದ್ದ, ಈಗ ಮಾಂತ್ರಿಕನ ಗಡಿಯೊಳಗಾದ ಬನ್ನಿಮರದತ್ತ ನಡೆದಳು. ಮಾಂತ್ರಿಕ ಬಿಟ್ಟ ಬೆಂಕಿಯ ಕೋರೆಯ ಹಂದಿ ಅಡ್ಡ ಬಂತು.

"ನೀನೇ ಆಚೆ ಸರಿ. ನಾನು ಸರಿಯೋಳಲ್ಲ!" ಎಂದು ಅವಳು ನೇರ ನಡೆದಳು. ಹಂದಿ ಸರಿಯಿತು.

ಮುಗಿಲೆತ್ತರದ ಮುಳ್ಳುಬೇಲಿ ಎದ್ದಿತು.

"ನೀನೇ ಆಚೆ ಸರಿ. ನಾನು ಸರಿಯೋಳಲ್ಲ!" ಮೈಯೆಲ್ಲ ಗೀರಿಸಿಕೊಂಡು ನುಗ್ಗಿದಳು. ಬೇಲಿ ಮಲಗಿತು.

ಅವಳು ಅಗೆಯತೊಡಗಿದಾಗ ಗಡಿಕಲ್ಲೇ ಅವಳ ಮೇಲೆ ಉರುಳಿ ಬಂತು. ಅದರ ಹಿಂದೆ, ಹಳ್ಳಿಯ ಕಡೆಯಿಂದ, ದಂಡಕೇತು ಮಂತ್ರ ಕೂಗುತ್ತ ಓಡಿಬರುತ್ತಿದ್ದ. ಸೂರ್ಯ ಇಳಿಯುತ್ತಿದ್ದ. ಮಾಳವ್ವನಿಗೆ ಭಯವಾಯಿತು, ಆದರೂ ಕದಲದೆ ಕಲ್ಲನ್ನೇ ಕೇಳಿದಳು:

"ಯುಗಾದಿಗೆ ನಿಂಗೆ ಎಣ್ಣೆ ಹಚ್ಚಿದೋಳು ನಮ್ಮವ್ವ. ಅವಳ ಬಾಯನ್ನೇ ಕಟ್ಟಿಸಿದೆಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಕಲ್ಲು ಗಕ್ಕನೆ ನಿಂತಿತು. ಗುದ್ದಲಿ ಇನ್ನೊಮ್ಮೆ ಬಿತ್ತು. ಕರ್ರನೆಯ ಇದ್ದಿಲು ಕೊನೆಯ ಬಿಸಿಲಿಗೆ ಹೊಳೆಯಿತು. ಕಲ್ಲು ಎದ್ದು ಬಂದು ತನ್ನ ಗುಂಡಿಯಲ್ಲಿ ಕೂತಿತು, ಸೂರ್ಯ ಮುಳುಗಿದ.

ಈಗ ದಂಡಕೇತು ನಿಂತಿದ್ದದ್ದು ಹಳ್ಳಿಯ ನೆಲದಲ್ಲಿ. ಅರ್ಧ ಹೇಳಿದ ಮಂತ್ರ ಅವನ ಬಾಯಲ್ಲೇ ಉಳಿಯಿತು. ಅವನನ್ನು ಬೀಸುಕಲ್ಲಿನ ಮುಂದೆ ಕೂರಿಸಿದರು.

ಮನೆ ಮತ್ತೆ ಹಳ್ಳಿಯ ಗಡಿಯೊಳಗೆ ಬಂದದ್ದೇ ಮಂತ್ರ ಕಳಚಿ, ತಾಯಿ ಬನ್ನಿಮರದ ಹತ್ತಿರ ಓಡಿ ಬಂದಳು. ಮಗಳ ಗೀರುಗಳನ್ನು ಸವರಿ, "ಇನ್ನೊಂದು ಬುಟ್ಟಿ ಇದ್ದಿಲು ತಾರೇ. ಬುಡ ಭದ್ರ ಮಾಡಣ," ಎಂದಳು. ಮತ್ತೆ ಅವ್ವನ ದನಿ ಕೇಳಿ ಮಾಳವ್ವ ಬಿಕ್ಕಿ ಬಿಕ್ಕಿ ಅತ್ತಳು.

ರಾಜನೂ ಬಂದ, ಎಲ್ಲ ಮುಗಿದ ಮೇಲೆ. "ಇದ್ದಿಲು ಇದ್ದಲ್ಲೇ ಗಡಿ," ಎಂದು ಡಂಗುರ ಸಾರಿಸಿದ. ಆಮೇಲೆ ಆ ಊರವರೆಲ್ಲ ಉಂಡುಟ್ಟು, ಯಾರಿಗೂ ಹೆದರದೆ, ಗಟ್ಟಿಯಾಗಿ ಮಾತಾಡುತ್ತ ಬಾಳಿದರು.