ಸೈರನ್ ಆತೇನು?

"ಲುಂಬಿನಿ, ಸೈರನ್ ಆತೇನು?"

ಅಣ್ಣ ಸಂಘಪಾಲ ಬಾಗಿಲಲ್ಲಿ ನಿಂತು ಕೇಳಿದ. ಅಂಗಳದ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕುಂಟೆಬಿಲ್ಲೆಯ ಮನೆಯೊಳಗೆ ಲುಂಬಿನಿ ಒಂಟಿಗಾಲಲ್ಲಿ ನಿಂತಿದ್ದಳು. ಹದಿನೈದು ದಿನದ ಮೇಲೆ ಇವತ್ತು ಓಣಿಯ ಗೆಳತಿ ಸಪ್ನಾ ಅವಳನ್ನು ಆಟಕ್ಕೆ ಕರೆದಿದ್ದಳು.

ಸೈರನ್ ಆಗಿತ್ತು. ನಗೆಯ ಗದ್ದಲದಲ್ಲಿ ಸಪ್ನಾಗೆ ಕೇಳಿಸಿರಲಿಲ್ಲ, ಅಷ್ಟೇ. ಊರಾಚೆಯ ಕಲ್ಲಿನ ಖಣಿಯಲ್ಲಿ ಬ್ಲಾಸ್ಟಿಂಗ್ ಮಾಡುವ ಮೊದಲು ಸೈರನ್ ಊದುತ್ತಾರೆ. ಕೇಳಿದ ಕೂಡಲೇ ಶಹಾಬಾದಿನ ಆ ಓಣಿಯವರು ಗೋಡೆಯ ಕನ್ನಡಿ ಇಳಿಸಿಡುತ್ತಾರೆ. ಲುಂಬಿನಿಯ ಮನೆಯಲ್ಲಿ ಅದು ಸಂಘಪಾಲನ ಕೆಲಸ.

ಆದರೆ ಅವನಿಗೆ ಆಗದ ಸೈರನ್ನೂ ಕೇಳಿಸುತ್ತದೆ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತದೆ. ಹುಟ್ಟುವಾಗಲೇ ಅವನ ಒಂದು ಕ್ರೋಮೋಸೋಮಿನಲ್ಲಿ ಸಣ್ಣ ಚೂರು ಇರಲಿಲ್ಲವಂತೆ. ಚಿಕ್ಕವನಿದ್ದಾಗ ಫಿಟ್ಸ್ ಬರುತ್ತಿದ್ದುದೂ, ಈಗ ಹದಿನಾರಕ್ಕೆ ಹೀಗಾಗುವುದೂ ಅದರಿಂದಲೇ ಎಂದು ಕಲಬುರಗಿಯ ಡಾಕ್ಟರ್ ಹೇಳಿದ್ದರು. "ಗುಳಿಗಿ ತಪ್ಪಿಸಬ್ಯಾಡಪ್ಪ. ಡೌಟ್ ಬಂದ್ರ ತಂಗೀನ ಕೇಳು," ಅಂದಿದ್ದರು. ಅಂದಿನಿಂದ ಅವನು ಕೇಳಿದ್ದೇ ಕೇಳಿದ್ದು. ಲುಂಬಿನಿಗೆ ಸಾಕುಸಾಕಾಗಿತ್ತು.

ಸಪ್ನಾ ಬಾಯಿಗೆ ಕೈ ಇಟ್ಟು ನಕ್ಕಳು. "ಮತ್ತ ಚಾಲೂ ಆತು ನೋಡ್ ನಿಮ್ಮಣ್ಣಂದು. ನಿನಗೂ ಕೇಳಸ್ತದೇನು?"

ಲುಂಬಿನಿಯ ಮುಖ ಬಿಸಿಯಾಯಿತು. "ಇಲ್ಲಣ್ಣ, ಆಗಿಲ್ಲ. ಒಳಗ ಹೋಗು."

ಅವನು ತಲೆಯಾಡಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಧಡ್ ಎಂದು ನೆಲ ನಡುಗಿತು. ಮನೆಯೊಳಗೆ ಕನ್ನಡಿ ಬಿದ್ದು ಒಡೆದ ಸಪ್ಪಳ. ಲುಂಬಿನಿ ಓಡಿದಳು.

ಅವ್ವ ಅನಸುಬಾಯಿ ಚೂರು ಗುಡಿಸುತ್ತಿದ್ದಳು. "ಸೈರನ್ ಕೇಳಸಲಿಲ್ಲೇನೋ?"

"ಕೇಳಸಿತ್ತವ್ವ," ಎಂದ ಸಂಘಪಾಲ ಮೆಲ್ಲಗೆ. "ಸುಳ್ಳ ಅಂದ್ಕೊಂಡೆ. ನನ್ನ ತಲಿನೇ ಸರಿ ಇಲ್ಲ."

ತಂಗಿಯ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಲುಂಬಿನಿಗೆ.

"ಲುಂಬಿನಿ, ನಿನ್ನ ಪಾಳಿ," ಎಂದು ಸಪ್ನಾ ಹೊರಗಿನಿಂದ ಕೂಗಿದಳು.

ಸಂಘಪಾಲ ಮೂಲೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ದ. ಇನ್ನು ಯಾರನ್ನೂ ಏನೂ ಕೇಳುವವನಂತೆ ಕಾಣಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಅವನ ಒಂದು ಕೈಯನ್ನು ಕಿವಿಯಿಂದ ಬಿಡಿಸಿದಳು.

"ಸೈರನ್ ಖರೇನ ಆಗಿತ್ತಣ್ಣ. ನನಗೂ ಕೇಳಸಿತ್ತು. ನಾನೇ ಸುಳ್ಳ ಹೇಳ್ದೆ."

ಅವನು ಅವಳತ್ತ ತಿರುಗಿದ. ಇನ್ನೊಂದು ಕಿವಿಯ ಕೈ ತೆಗೆಯಲಿಲ್ಲ.

"ಹೊರಗ ಯಾರೋ ನಿನ್ನ ಕರೀಲಿಕತ್ತಾರ," ಎಂದ. "ಅದು ಖರೇನಾ?"

"ಹೂಂ, ಖರೇ," ಎಂದಳು. ಆದರೆ ಎದ್ದು ಹೋಗಲಿಲ್ಲ.

ಸಪ್ನಾ ಇನ್ನೆರಡು ಸಲ ಕೂಗಿ ಸುಮ್ಮನಾದಳು.

"ಈಗ ನಿಂತದ," ಎಂದ ಸಂಘಪಾಲ.

"ಹೂಂ ಅಣ್ಣ," ಎಂದಳು ಲುಂಬಿನಿ. "ನಿಂತದ."