ಏಳನೇ ಎಲೆಯ ಮುಂದಿನ ಕಡತ

ಮಹಾಲಯ ಅಮಾವಾಸ್ಯೆಯಂದು ಕಳ್ಳರೂ ರಜಾ ಹಾಕುತ್ತಾರೆಂದು ಸಾಗರದ ಠಾಣೆಯಲ್ಲಿ ನಂಬಿದ್ದರು. ಬೆಳಿಗ್ಗೆ ೧೦.೪೦ಕ್ಕೆ ನವ್ಯಾ ದೂರು ಹಿಡಿದು ಬಂದಳು, ನಂಬಿಕೆ ಹೋಯಿತು.

ಇಪ್ಪತ್ತೈದರ ನವ್ಯಾ ಒಂದು ಖಾಸಗಿ ಟ್ರಸ್ಟಿನ ದಾಖಲೆ ಸಂಗ್ರಹದಲ್ಲಿ ಎಂಟು ತಿಂಗಳಿಂದ ಕೆಲಸಕ್ಕಿದ್ದಳು. ಹಿಂದೆ ಈ ಸೀಮೆಯಲ್ಲಿ ಮನುಷ್ಯರನ್ನು ಮಾರಿ ಕೊಂಡ ದಾಖಲೆಗಳನ್ನು ಓದಿ ಪಟ್ಟಿ ಮಾಡುವುದು ಅವಳ ಪಾಲಿನ ಕೆಲಸ. ಕಾಣೆಯಾದದ್ದು ಒಂದು ಕಡತ: ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಮಡಿಕೆ ಪುಸ್ತಕ.

“ಅದ್ರಲ್ಲಿ ಎಂತ ಇತ್ತು?” ಇನ್‌ಸ್ಪೆಕ್ಟರ್ ಸೌಜನ್ಯ ಕೇಳಿದರು.

“ಚೌಡಿ ಅನ್ನೋ ಹೆಂಗಸನ್ನ ಮಗಳು ದ್ಯಾವಿ ಸಮೇತ ಮಾರಿದ್ದು, ಮೇಡಂ. ಅವಳ ಹೆಸರಿರೋದು ಅದೊಂದ್ರಲ್ಲೇ. ನೀರು ಬಿದ್ರೆ ಅದೂ ಅಳಿಸಿಹೋಗುತ್ತೆ. ನಾಲ್ಕಕ್ಕೆ ಟ್ರಸ್ಟಿನ ಸಭೆ. ಕಡತ ಇಲ್ದಿದ್ರೆ ನನ್ನ ಕೆಲಸ ಮುಂದುವರಿಸಲ್ಲ.”

ಎಫ್‌ಐಆರ್‌ಗೆ ಮೊದಲು ಜಾಗ ನೋಡೋಣ ಎಂದರು ಸೌಜನ್ಯ. ೧೧.೧೫. ಸಂಗ್ರಹದ ಬಾಗಿಲಿನ ಬೀಗ ಸರಿಯಾಗಿತ್ತು. ಸೌಜನ್ಯ ಕಡತ ಇಡುತ್ತಿದ್ದ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದರು. ಒಂದು ಆಧಾರ್ ಕಾರ್ಡ್ ಬಂತು.

“ಇದೇನ್ರೀ?”

ನವ್ಯಾಳ ಮುಖ ಕೆಂಪಾಯಿತು. “ಯಾರೇ ದಾಖಲೆ ತಗೊಂಡ್ರೂ ಆ ಜಾಗದಲ್ಲಿ ಗುರುತಿನ ಕಾರ್ಡ್ ಇಡ್ಬೇಕು. ನಾನೇ ಮಾಡಿದ ರೂಲ್ಸು.”

“ಮತ್ತೆ ನೋಡ್ಲಿಲ್ವಾ?”

“ಕಡತ ಇಲ್ಲ ಅಂತ ಗೊತ್ತಾದ್ಕೂಡ್ಲೇ ಓಡಿಬಂದೆ.”

ಕಾರ್ಡು ಕಸ ಗುಡಿಸುವ ವೆಂಕಮ್ಮನದು. ಬೆಳಿಗ್ಗೆ ಬಾಗಿಲು ತೆಗೆಯಲು ಅವಳ ಹತ್ತಿರವೂ ಒಂದು ಕೀಲಿಕೈ ಇತ್ತು. ಹಬ್ಬಕ್ಕೆಂದು ರಿಪ್ಪನ್‌ಪೇಟೆ ಹತ್ತಿರದ ತನ್ನ ಊರಿಗೆ ಹೋಗಿದ್ದಳು.

“ಮೂವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಶಿಸ್ತಿನ ಕಳ್ರನ್ನ ನೋಡಿಲ್ಲ ಮೇಡಂ,” ಎಂದ ಹೆಡ್‌ಕಾನ್‌ಸ್ಟೆಬಲ್ ಶಂಭು ಜೀಪು ಹತ್ತುತ್ತಾ.

೧.೧೦. ವೆಂಕಮ್ಮನ ನಡುಮನೆಯಲ್ಲಿ ಹಿರಿಯರಿಗೆ ಏಳು ಬಾಳೆಲೆಗಳಲ್ಲಿ ಎಡೆ ಬಡಿಸಿತ್ತು. ಏಳನೇ ಎಲೆಯ ಮುಂದೆ ಹೊಸ ಸೀರೆ, ಸೀರೆಯ ಮೇಲೆ ಕಡತ. ನವ್ಯಾ ಕೈ ಚಾಚಿದಳು.

“ಮುಟ್ಬೇಡಿ ಅವ್ವಾ. ಮಾಡಿನ ಮೇಲಿಟ್ಟ ಎಡೆ ಕಾಗೆ ಇನ್ನೂ ಮುಟ್ಟಿಲ್ಲ. ಅಲ್ಲೀವರೆಗೂ ಏನೂ ತೆಗಿಯಂಗಿಲ್ಲ,” ಎಂದು ವೆಂಕಮ್ಮ ತಡೆದಳು.

“ಕದ್ದಿದ್ದು ಯಾಕೆ?” ಸೌಜನ್ಯ ಕೇಳಿದರು.

“ಕದೀಲಿಲ್ಲ. ಕಾರ್ಡ್ ಇಟ್ಟು ಬಂದೀನಿ.”

“ತಂದಿದ್ದು ಯಾಕೆ?”

“ವರ್ಷವೂ ಆರು ಹೆಸ್ರು ಹೇಳಿ ಆರು ಎಲೆ ಹಾಕ್ತಿದ್ವಿ. ದ್ಯಾವಿಯಿಂದ ಹಿಂದೆ ಗೊತ್ತಿರ್ಲಿಲ್ಲ. ಹೋದ ವಾರ ನವ್ಯಾ ಅವ್ರು ಇದನ್ನ ಗಟ್ಟಿಯಾಗಿ ಓದ್ತಿದ್ರು. ನಮ್ಮೂರ ಹೆಸ್ರು ಬಂತು, ದ್ಯಾವಿ ಬಂದ್ಳು, ಅವಳ ಅವ್ವ ಚೌಡಿನೂ ಬಂದ್ಳು. ಏಳನೇ ಎಲೆ ಅವಳ್ದು. ಫೋಟೋ ಎಲ್ಲಿಂದ ತರ್ಲಿ? ಇರೋದು ಇದೇ. ಮಾರಿದ್ಮೇಲೆ ಅವಳನ್ನ ಯಾರೂ ಊಟಕ್ಕೆ ಕರ್ದಿಲ್ಲ ಮೇಡಂ. ನೀರು ಒಂದು ಹನಿ ಸೋಕ್ಸಿಲ್ಲ.”

ನವ್ಯಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಎರಡೂವರೆಗೆ ಹೊರಡದಿದ್ದರೆ ಸಭೆ ತಪ್ಪುತ್ತಿತ್ತು. ಆದರೂ ಹೋಗಿ ಗೋಡೆಗೆ ಒರಗಿ ಕುಳಿತಳು. ಪಂಚನಾಮೆಯ ಹಾಳೆ ಹಿಡಿದು ಸೌಜನ್ಯರೂ ಕುಳಿತರು. ಕಾಗೆಯ ಸುಳಿವಿಲ್ಲ. ಶಂಭು ಯಾವಾಗ ಎದ್ದುಹೋದನೋ ಯಾರೂ ನೋಡಲಿಲ್ಲ.

ಕೊಟ್ಟಿಗೆಯ ಹಿಂದಿನಿಂದ ಕಾ ಕಾ ಕೇಳಿಸಿತು. ನಡುವೆ ಸಣ್ಣ ಕೆಮ್ಮು. ಮತ್ತೆ ಕಾ ಕಾ. ಹಲಸಿನ ಮರದಿಂದ ಒಂದು ಕಾಗೆ ಮಾಡಿಗಿಳಿದು ವಡೆ ಕಚ್ಚಿತು. ವೆಂಕಮ್ಮ ಕೈ ಮುಗಿದಳು. ಪಂಚನಾಮೆಯಲ್ಲಿ ಸಮಯ ೨.೨೦.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಡತ ಸಭೆಯ ಮೇಜಿನ ಮೇಲಿತ್ತು. ನವ್ಯಾ ನಡೆದದ್ದನ್ನೆಲ್ಲ ಹೇಳಿದಳು, ತಾನು ಪೆಟ್ಟಿಗೆ ಸರಿಯಾಗಿ ನೋಡದ್ದನ್ನೂ ಸೇರಿಸಿ. ಟ್ರಸ್ಟಿನವರು ಇಬ್ಬರ ಕೆಲಸವನ್ನೂ ಮುಂದುವರಿಸಿದರು. ಪಟ್ಟಿಯಲ್ಲಿ ಚೌಡಿಯ ಹೆಸರಿನ ಮುಂದೆ ವಂಶಸ್ಥರ ವಿವರ ಬರೆಯಲು ಹೇಳಿದರು.

೫.೧೦ಕ್ಕೆ ಠಾಣೆಯಲ್ಲಿ, ಜೀಪಿನಲ್ಲಿ ಜೊತೆಗೇ ಬಂದಿದ್ದ ವೆಂಕಮ್ಮನ ಎದುರಿಗೆ, ನವ್ಯಾ ದೂರು ಹಿಂಪಡೆದಳು. ಬಂಧನದ ಕಾಲಂನಲ್ಲಿ ಸೌಜನ್ಯ ‘ಇಲ್ಲ’ ಎಂದು ಬರೆದರು. ಸಾಕ್ಷಿ ಸಹಿಗೆ ಪಂಚನಾಮೆಯ ಹಾಳೆ ಶಂಭುವಿನ ಮುಂದೆ ಬಂತು. ಅವನು ಪೆನ್ನು ಕೆಳಗಿಟ್ಟ.

“ಕಾಗೆ ತಾನಾಗೇ ಕೂಗಿ ಬಂತು ಅಂತ ಬರ್ದಿದೆ ಮೇಡಂ. ಸಹಿ ಹಾಕಕ್ಕಾಗಲ್ಲ.” ವೆಂಕಮ್ಮನ ಕಡೆ ತಿರುಗಿದ. “ತಪ್ಪಾಯ್ತಮ್ಮಾ. ಕೂಗಿದ್ದು ನಾನು.”



“ಆವಾಗ್ಲೇ ಗೊತ್ತಾತು ಮಾರಾಯ,” ಎಂದಳು ವೆಂಕಮ್ಮ. “ಕಾಗೆ ಎಲ್ಲಾದ್ರೂ ಕೆಮ್ಮತ್ತಾ? ಇರ್ಲಿ ಬಿಡು. ಕರ್ದೋನು ನೀನು. ಬಂದೋಳು ಅವಳೇ.”

ಮೊದಲು ನಕ್ಕದ್ದು ನವ್ಯಾ, ಆಮೇಲೆ ಸೌಜನ್ಯ. ರಸ್ತೆಯವರೆಗೂ ಕೇಳಿಸಿದ ನಗು ಮಾತ್ರ ವೆಂಕಮ್ಮನದು.