ನಲವತ್ತು ಸೆಕೆಂಡಿನ ಉತ್ತರ

ಹನ್ನೆರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಗಂಡ ಹೆಂಡತಿ ಇಬ್ಬರು ಠಾಣೆಗೆ ಬಂದರು. ಗಂಡ ಕನ್ನಡಕದ ಅಂಗಡಿಯವನು, ಹೆಂಡತಿ ಶಾಲೆಯಲ್ಲಿ ಗಣಿತದ ಮೇಡಂ. ಕುರ್ಚಿ ತೋರಿಸಿದರೂ ಮೇಡಂ ಕೂರಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಮೇಜಿಗೂ ಓಡಾಡುತ್ತಲೇ ದೂರು ಹೇಳಿದರು.

ಮಲಗುವ ಕೋಣೆಯ ಕಪಾಟಿನಿಂದ ಒಂದು ಫೈಲು ಕಳುವಾಗಿತ್ತು. ಹೊರದೇಶದ ಅನಾಥಾಶ್ರಮದಿಂದ ಎರಡು ತಿಂಗಳ ಹಿಂದೆ ಕರೆತಂದ ಅಕ್ಕ-ತಮ್ಮನ ಮೂಲ ದಾಖಲೆಗಳು ಅದರಲ್ಲಿದ್ದವು. ಅಕ್ಕನಿಗೆ ಏಳು ವರ್ಷ, ತಮ್ಮನಿಗೆ ನಾಲ್ಕು. ಗುರುವಾರ ಹನ್ನೊಂದು ಗಂಟೆಗೆ ದತ್ತಕದ ಕೊನೆಯ ವಿಚಾರಣೆ.

"ಫೈಲ್ ಸಿಗದೇ ಹೋದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಶನಿವಾರ ಮಕ್ಕಳ ವೀಸಾ ಮುಗಿಯುತ್ತೆ. ವಾಪಸ್ ಕಳಿಸ್ಬೇಕಂತೆ."

"ಒಡವೆ?"

"ಅದೇ ಕಪಾಟಲ್ಲಿತ್ತು. ಮುಟ್ಟೇ ಇಲ್ಲ."

ಹತ್ತು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೆಬಲ್. ಪಕ್ಕದವರು ಸೀನಿದರೂ ಹೊತ್ತು ನೋಡಿ ಬರೆದಿಡುವ ಈ ಪುಣ್ಯಾತ್ಮನಿಗೆ ಠಾಣೆ ಇಟ್ಟ ಹೆಸರು ಗಡಿಯಾರ.

ಹನ್ನೊಂದಕ್ಕೆ ಮನೆಯಲ್ಲಿ ಪಂಚನಾಮೆ ನಡೆಯಿತು. ಮೂರನೇ ಮಹಡಿ, ಬೀಗ ಮುರಿದಿಲ್ಲ, ಕಪಾಟಿನ ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ. ಮೇಡಂ ಫೈಲನ್ನು ಕೊನೆಯ ಸಲ ನೋಡಿದ್ದು ಭಾನುವಾರ ಬೆಳಿಗ್ಗೆ. ಆಮೇಲೆ ಬಂದವರು ಇಬ್ಬರೇ. ಭಾನುವಾರ ಸಂಜೆ, ವಾರವಾರ ಮಕ್ಕಳ ಜೊತೆ ಮಾತಾಡಲು ಬರುವ ದತ್ತಕ ಸಂಸ್ಥೆಯ ಅನುವಾದಕಿ; ಸೋಮವಾರ ನಲ್ಲಿ ರಿಪೇರಿಗೆಂದು ಮೇಡಂ ಅವರ ಮೈದುನ.

ಮೈದುನ ಈ ದತ್ತಕವನ್ನು ಮೊದಲಿನಿಂದಲೂ ವಿರೋಧಿಸಿದ್ದವನು. ಮೂಗಿನ ತುದಿಯಲ್ಲೇ ಕೋಪವಿರುವ ಇನ್ಸ್‌ಪೆಕ್ಟರ್ ಅವನನ್ನು ಎರಡು ಗಂಟೆ ಕೂರಿಸಿಕೊಂಡು ಬೆವರಿಳಿಸಿದರು.

"ಬಾಯಿಗೆ ಬಂದ ಹಾಗೆ ಮಾತಾಡಿದ್ದು ನಿಜ ಸಾರ್. ಆದ್ರೆ ಸೋಮವಾರ ಆ ಚೋಟು ಹುಡುಗ ನನ್ನ ಹೆಗಲು ಬಿಟ್ಟು ಇಳೀಲೇ ಇಲ್ಲ. ಅವನ್ನ ಹೊತ್ಕೊಂಡೇ ನಲ್ಲಿ ತಿರುಗಿಸ್ದೆ. ಈಗ ಅವನನ್ನ ಕಳಿಸೋಕೆ ನಾನು ಕಳ್ಳತನ ಮಾಡ್ತೀನಾ?"

ಉಳಿದ ಸಾಕ್ಷಿ ಏಳು ವರ್ಷದ ಹುಡುಗಿ. 'ಅಮ್ಮ', 'ನೀರು', 'ಬೇಡ' ಬಿಟ್ಟರೆ ಅವಳಿಗೆ ಇಲ್ಲಿಯ ಮಾತು ಬಾರದು. ಬುಧವಾರ ಒಂಬತ್ತಕ್ಕೆ ಇನ್ಸ್‌ಪೆಕ್ಟರ್ ಅನುವಾದಕಿಯನ್ನೇ ಕರೆಸಿದರು. ಮಕ್ಕಳ ಹೇಳಿಕೆಗೆ ರೆಕಾರ್ಡಿಂಗ್ ಕಡ್ಡಾಯ, ಅದೂ ಆಯಿತು.

"ಭಾನುವಾರ ಆ ಕೋಣೆಗೆ ಯಾರು ಹೋದ್ರು, ಕೇಳಿ."

ಹುಡುಗಿ ಅನುವಾದಕಿಯ ತೋಳು ಹಿಡಿದುಕೊಂಡು ಒಂದೇ ಉಸಿರಿಗೆ ಮಾತಾಡಿದಳು.

"ಮಲಗಿದ್ದಳಂತೆ. ಏನೂ ನೋಡಿಲ್ವಂತೆ," ಎಂದಳು ಅನುವಾದಕಿ.

ಜೀಪು ಹತ್ತಿದ ಮೇಲೆ ಗಡಿಯಾರ ಕೆಮ್ಮಿದ. "ಸಾರ್, ಮಗು ಮಾತಾಡಿದ್ದು ನಲವತ್ತು ಸೆಕೆಂಡು. ಅನುವಾದಕಿ ನಮಗೆ ಹೇಳಿದ್ದು ನಾಲ್ಕು."

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಂಡರು. ಸಂಶಯದ ಪಟ್ಟಿಯಲ್ಲಿ ಇದ್ದವರೇ ಇಬ್ಬರು. ಅದರಲ್ಲೊಬ್ಬಳನ್ನು ತಾವೇ ಕರೆದು ಸಾಕ್ಷಿಯ ಬಾಯಿ ಮಾಡಿದ್ದರು. "ಎಂಥ ಬೆಪ್ಪುತಕ್ಕಡಿಯಯ್ಯಾ ನಾನು!"

ಆ ಭಾಷೆ ಬಲ್ಲ ಇನ್ನೊಬ್ಬರನ್ನು ಹುಡುಕಲು ಕಂಟ್ರೋಲ್ ರೂಮಿಗೆ ಮಧ್ಯಾಹ್ನವಾಯಿತು. ಬೇರೆ ಊರಿನಲ್ಲಿದ್ದ, ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಮುದುಕ ಸಿಕ್ಕ. ರೆಕಾರ್ಡಿಂಗನ್ನು ಎರಡು ಸಲ ಕೇಳಿ ಒಂದು ಇಪ್ಪತ್ತಕ್ಕೆ ಫೋನ್ ಮಾಡಿದ.

"ಮಗು ನಿಮಗೆ ಉತ್ತರ ಕೊಡ್ತಿಲ್ಲ ಸಾರ್, ಆ ಹೆಂಗಸನ್ನೇ ಕೇಳ್ತಿದೆ. ನೀನು ಆ ಫೈಲು ಚೀಲಕ್ಕೆ ಹಾಕ್ಕೊಂಡಿದ್ದು ನಾನು ಯಾರಿಗೂ ಹೇಳಿಲ್ಲ, ನನ್ನ ತಂಗಿ ಸಿಕ್ಕಿದ್ಲಾ, ಮುಂದಿನ ವಾರ ಮುಂದಿನ ವಾರ ಅಂತೀಯಲ್ಲ, ಅವಳಿಗೆ ನನ್ನ ಮುಖ ಮರೆತುಹೋದ್ರೆ ಏನ್ಮಾಡ್ಲಿ ಅಂತ."

ಎರಡು ಹದಿನೈದಕ್ಕೆ ದತ್ತಕ ಸಂಸ್ಥೆಯ ಕಚೇರಿಯಲ್ಲಿ ಅನುವಾದಕಿ ತಾನಾಗಿಯೇ ಡ್ರಾಯರ್ ಎಳೆದು ಫೈಲು ಕೊಟ್ಟಳು. ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಯಾಕೆ ತಗೊಂಡ್ರಿ?"

"ಹದಿನಾಲ್ಕನೇ ಪುಟ ನೋಡಿ. ಅವರು ಇಬ್ಬರಲ್ಲ, ಮೂವರು. ಎರಡು ವರ್ಷದ ತಂಗೀನ ಬೇರೆ ಆಶ್ರಮಕ್ಕೆ ಕಳಿಸಿದ್ದಾರೆ. ನಮ್ಮ ಆಫೀಸಲ್ಲಿ ದತ್ತು ಕೊಡೋ ಮಕ್ಕಳ ಪುಟ ಮಾತ್ರ ಅನುವಾದ ಮಾಡ್ಸೋದು. ಉಳಿದದ್ದು ಹಾಗೇ ಬಿಡು ಅಂದ್ರು. ಬಿಟ್ಟೆ."

"ಅಪ್ಪ-ಅಮ್ಮನಿಗೆ ಹೇಳ್ಬಹುದಿತ್ತಲ್ಲ?"

"ಮೂವರು ಆಗಲ್ಲ, ಯಾರೂ ಬೇಡ ಅಂದುಬಿಟ್ರೆ? ಆದೇಶ ಆದ್ರೆ ಫೈಲಿಗೆ ಸೀಲ್ ಬೀಳುತ್ತೆ, ಆಮೇಲೆ ಯಾರೂ ತೆಗೆದು ನೋಡಲ್ಲ. ವಿಚಾರಣೆ ಒಂದು ತಿಂಗಳು ಮುಂದೆ ಹೋದ್ರೆ ನಾನೇ ಹುಡುಕ್ತೀನಿ ಅಂದ್ಕೊಂಡೆ."

"ಶನಿವಾರ ವೀಸಾ ಮುಗಿಯುತ್ತೆ. ಇಬ್ಬರೂ ವಾಪಸ್ ಹೋಗ್ತಿದ್ರು."

"ಅದು ನನಗೆ ಗೊತ್ತಿರ್ಲಿಲ್ಲ."

ಮೂರೂವರೆಗೆ ದಂಪತಿಗಳು ಬಂದರು. ವಿಷಯ ಕೇಳಿ ಗಂಡ ಕೈ ಕೈ ಹಿಸುಕಿಕೊಂಡ. "ಈ ಪುಟ ತೋರ್ಸಿದ್ರೆ ನಾಳಿನ ಕೆಲ್ಸ ಕೆಡುತ್ತೆ ಕಣೇ. ಇಬ್ಬರೂ ಕೈ ತಪ್ಪಿದ್ರೆ?"

ಮೇಡಂ ಫೈಲನ್ನು ಎದೆಗವಚಿಕೊಂಡರು. ಅವರಿಗೂ ಭಯವಿತ್ತು, ಕಣ್ಣು ತುಂಬಿತ್ತು. ಆದರೂ ಅಂದರು: "ಇದನ್ನೇ ಮೊದಲು ಜಡ್ಜ್ ಮುಂದಿಡೋಣ. ಗೊತ್ತಿದ್ದೂ ಮುಚ್ಚಿಟ್ಟು ನಾನು ಅಮ್ಮ ಅನ್ನಿಸ್ಕೊಳ್ಲಾ?"

ನಾಲ್ಕು ಐದಕ್ಕೆ ಅನುವಾದಕಿಯ ಬಂಧನ ದಾಖಲಾಯಿತು. ಸಹಿ ಹಾಕುವಾಗ ಯಾರೂ ಕೇಳದೆಯೇ ಹೇಳಿದಳು: "ಈ ಊರಲ್ಲಿ ಆ ಹುಡುಗಿಯ ಮಾತು ಬರೋದು ನನಗೊಬ್ಬಳಿಗೇ. ಪ್ರತಿ ಭಾನುವಾರ ಅದನ್ನೇ ಕೇಳ್ತಿದ್ಲು. ನಾನು ಕೇಳಿಸ್ಕೊಳ್ಳದಿದ್ರೆ ಇನ್ಯಾರು ಕೇಳಿಸ್ಕೊಳ್ತಾರೆ?"

ಮೇಡಂ ಅವಳ ಎದುರು ಹೋಗಿ ನಿಂತರು. ಬೈಯುತ್ತಾರೆ ಎಂದು ಎಲ್ಲರೂ ಅಂದುಕೊಂಡರು.

"'ನಿನ್ನ ತಂಗೀನ ಹುಡುಕ್ತೀವಿ' ಅಂತ ಮಗಳಿಗೆ ಅವಳ ಭಾಷೇಲಿ ಹೇಗೆ ಹೇಳೋದು? ನನಗೆ ಹೇಳಿಕೊಡಿ."

ಇನ್ಸ್‌ಪೆಕ್ಟರ್ ಹತ್ತು ನಿಮಿಷ ಕೊಟ್ಟರು. ಮೇಡಂ ಅದನ್ನು ಅಂಗೈ ಮೇಲೆ ಬರೆದುಕೊಂಡು, ತಪ್ಪಿದಾಗಲೆಲ್ಲ ಅನುವಾದಕಿಯಿಂದ ತಿದ್ದಿಸಿಕೊಂಡು, ಬಾಯಿಪಾಠವಾದ ಮೇಲೆ ಮನೆಗೆ ಹೊರಟರು.